ಉಪಕರಣವೂ ಒಂದು ಅಮಾನತ್: ಅಝ್ಝಹ್ರಾವಿಯ ಶಸ್ತ್ರಗಳು ಹೇಳುವ ಪಾಠ

ಇಸ್ಲಾಮೀ ನಾಗರಿಕತೆಯ ವೈಜ್ಞಾನಿಕ ಸಾಧನೆಗಳ ಕುರಿತು ನಮ್ಮ ವೇದಿಕೆಗಳಲ್ಲಿ ಮಾತು ಬಂದಾಗಲೆಲ್ಲ ಅಬುಲ್ ಖಾಸಿಂ ಅಝ್ಝಹ್ರಾವಿಯವರ ಹೆಸರು ಕೇಳಿಬರುತ್ತದೆ. ‘ಶಸ್ತ್ರಚಿಕಿತ್ಸೆಯ ಪಿತಾಮಹ’ ಎಂಬ ಬಿರುದನ್ನು ಅವರಿಗೆ ಕೊಟ್ಟು ನಾವು ಸಂತೃಪ್ತರಾಗುತ್ತೇವೆ. ಆದರೆ ಆ ಮಹನೀಯರು ತಮ್ಮ ಗ್ರಂಥವನ್ನು ಏಕೆ ಬರೆದರು, ಅದರಲ್ಲಿ ಉಪಕರಣಗಳ ಚಿತ್ರಗಳನ್ನು ಏಕೆ ಬಿಡಿಸಿದರು ಎಂದು ವಿಚಾರಿಸುವವರು ಕಡಿಮೆ. ಹಿಜಾಮ ಶಿಬಿರಗಳು ಊರೂರಿನಲ್ಲಿ ನಡೆಯುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಸ್ಪೇನಿನ ಕುರ್ತುಬ (ಕೊರ್ಡೊಬ) ನಗರದ ಬಳಿ ಉಮಯ್ಯದ್ ಖಲೀಫರು ಕಟ್ಟಿಸಿದ ಮದೀನತುಝ್ಝಹ್ರಾ ಎಂಬ ಪಟ್ಟಣವಿತ್ತು. ಅಝ್ಝಹ್ರಾವಿ ಎಂಬ ಹೆಸರು ಬಂದುದು ಆ ಪಟ್ಟಣದಿಂದಲೇ. ಅವರು ಕ್ರಿ.ಶ. 936ರ ಸುಮಾರಿಗೆ ಜನಿಸಿ 1013ರ ಸುಮಾರಿಗೆ ನಿಧನರಾದರು. ಅವರ ಮಹಾಗ್ರಂಥ ‘ಅತ್ತಸ್ರೀಫ್’ 30 ಭಾಗಗಳ ವೈದ್ಯಕೋಶವಾಗಿದೆ. ಅದರ ಕೊನೆಯ ಭಾಗವು ಕೈಯಿಂದ ಮಾಡುವ ಚಿಕಿತ್ಸೆಗಳಿಗೆ ಮೀಸಲಾಗಿದ್ದು, ಮೂರು ವಿಷಯಗಳನ್ನು ಕ್ರಮವಾಗಿ ವಿವರಿಸುತ್ತದೆ: ಕಾಯಿಸಿದ ಸಲಾಕೆಯಿಂದ ಬರೆ ಹಾಕುವುದು, ಶಸ್ತ್ರದಿಂದ ಕೊಯ್ಯುವುದು ಮತ್ತು ಮುರಿದ ಅಥವಾ ಜಾರಿದ ಮೂಳೆಗಳನ್ನು ಸರಿಪಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಗರಗಸ, ಇಕ್ಕಳ, ಕೊಕ್ಕೆ, ಹಲ್ಲಿನ ಕಿಟ್ಟ ಕೆರೆಯುವ ಸಾಧನ ಮುಂತಾದವುಗಳ ಆಕಾರ, ಉಪಯೋಗಗಳನ್ನು ಅವರು ಒಂದೊಂದಾಗಿ ತಿಳಿಸುತ್ತಾರೆ. ಕೀವುಗಟ್ಟಿದ ಬಾವನ್ನು ಸೀಳಲು ಬೆರಳುಗಳ ನಡುವೆ ಅಡಗಿಸಿಕೊಳ್ಳಬಹುದಾದ ಪುಟ್ಟ ಚೂರಿಯೊಂದೂ ಅಲ್ಲಿದೆ. ರೋಗಿಯು ಶಸ್ತ್ರವನ್ನು ಕಂಡು ಹೆದರಬಾರದು ಎಂಬುದು ಅದರ ಉದ್ದೇಶವಾಗಿತ್ತು. ರೋಗಿಯ ಮನಸ್ಸನ್ನೂ ಗಣನೆಗೆ ತೆಗೆದುಕೊಂಡು ರೂಪಿಸಿದ ಉಪಕರಣವದು.

ಹಿಜಾಮದ ಬಟ್ಟಲುಗಳ ಬಗ್ಗೆಯೂ ಅವರು ವಿಸ್ತಾರವಾಗಿ ಬರೆದಿದ್ದಾರೆ. ಕೊಂಬು, ಮರ, ತಾಮ್ರ, ಗಾಜು ಮೊದಲಾದವುಗಳಿಂದ ಅವನ್ನು ತಯಾರಿಸಲಾಗುತ್ತಿತ್ತು. ಬಟ್ಟಲಿನೊಳಗೆ ಉರಿಯನ್ನಿಟ್ಟು ಚರ್ಮದ ಮೇಲೆ ಕವುಚಿದಾಗ ಒಳಗಿನ ಬಿಸಿಗಾಳಿ ತಣಿದು ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಚರ್ಮವು ಮೇಲಕ್ಕೆ ಸೆಳೆಯಲ್ಪಡುತ್ತದೆ. ಗೀರು ಹಾಕದೆ ಮಾಡುವುದು ಒಣ ಹಿಜಾಮ, ಗೀರು ಹಾಕಿ ರಕ್ತ ತೆಗೆಯುವುದು ಇನ್ನೊಂದು ಬಗೆ. ಬಟ್ಟಲು ಕೂರದ ಜಾಗಗಳಿಗೆ ಜಿಗಣೆಗಳನ್ನು ಬಿಡುತ್ತಿದ್ದರು.

ಈ ವಿದ್ಯೆಗಳೆಲ್ಲ ಮುಸ್ಲಿಮರಿಂದಲೇ ಹುಟ್ಟಿದವು ಎಂದು ಹೇಳಿದರೆ ಅದು ನ್ಯಾಯವಾಗಲಾರದು. ಗ್ರೀಕರಲ್ಲಿ ಹಿಪೊಕ್ರೆಟಿಸ್‌ನ ಕಾಲದಿಂದಲೇ ಬಟ್ಟಲು ಹಾಕುವ ಪದ್ಧತಿಯಿತ್ತು. ಏಳನೆಯ ಶತಮಾನದ ವೈದ್ಯ ಈಜಿನಾದ ಪೌಲನ ಕೃತಿಗೆ ಅಝ್ಝಹ್ರಾವಿ ಬಹಳಷ್ಟು ಋಣಿಯಾಗಿದ್ದಾರೆ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿಯೂ ಕೊಂಬು, ಸೋರೆಬುರುಡೆ ಮತ್ತು ಜಿಗಣೆಗಳಿಂದ ರಕ್ತ ತೆಗೆಯುವ ವಿಧಾನಗಳಿವೆ. ಆ ಸಂಹಿತೆಯು ಬಗ್ದಾದಿನಲ್ಲಿ ಬರ್ಮಕೀ ಮಂತ್ರಿ ಯಹ್ಯಾ ಬಿನ್ ಖಾಲಿದ್‌ರ ಆಜ್ಞೆಯಂತೆ ಅರಬಿಗೆ ಬಂದುದನ್ನು ಇಬ್ನುನ್ನದೀಮ್ ತಮ್ಮ ‘ಅಲ್ ಫಿಹ್ರಿಸ್ತ್’ನಲ್ಲಿ ದಾಖಲಿಸಿದ್ದಾರೆ. ಜ್ಞಾನವು ಯಾರಲ್ಲಿದ್ದರೂ ಅದನ್ನು ಗೌರವದಿಂದ ಸ್ವೀಕರಿಸಿ, ಪರೀಕ್ಷಿಸಿ, ಬೆಳೆಸಿ ಮುಂದಿನವರಿಗೆ ಒಪ್ಪಿಸುವುದು ನಮ್ಮ ಪೂರ್ವಿಕರ ಹಿರಿಮೆಯಾಗಿತ್ತು.

ಹಾಗಾದರೆ ಅಝ್ಝಹ್ರಾವಿಯವರು ಲೇಖನಿ ಹಿಡಿಯಲು ಕಾರಣವೇನು? ಆ ಭಾಗದ ಪೀಠಿಕೆಯಲ್ಲಿ ಅವರೇ ಅದನ್ನು ಹೇಳಿಕೊಂಡಿದ್ದಾರೆ. ತಮ್ಮ ನಾಡಿನಲ್ಲಿ ಈ ವಿದ್ಯೆ ನಶಿಸುತ್ತಿದೆ, ಅಂಗರಚನೆಯನ್ನು ಅರಿಯದವರು ಕೈಗೆ ಶಸ್ತ್ರ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಅವರ ಸಂಕಟ. ತಾವು ಕಣ್ಣಾರೆ ಕಂಡ ಪ್ರಕರಣಗಳನ್ನು ಅವರು ಅಲ್ಲಿ ವಿವರಿಸುತ್ತಾರೆ. ಅಜ್ಞಾನಿ ವೈದ್ಯನೊಬ್ಬ ಹೆಂಗಸೊಬ್ಬಳ ಕುತ್ತಿಗೆಯ ಗಂಟನ್ನು ಕೊಯ್ಯಹೋಗಿ ರಕ್ತನಾಳಗಳನ್ನೇ ಕತ್ತರಿಸಿದ. ರಕ್ತ ಹರಿದು ಅವಳು ಅವನ ಎದುರೇ ಪ್ರಾಣಬಿಟ್ಟಳು. ಇನ್ನೊಬ್ಬ ವೃದ್ಧನೋರ್ವನ ಮೂತ್ರಕೋಶದಿಂದ ದೊಡ್ಡ ಕಲ್ಲನ್ನು ತೆಗೆಯುವಾಗ ಮೂತ್ರಕೋಶದ ತುಂಡನ್ನೂ ಕಿತ್ತ. ಮೂರು ದಿನಗಳಲ್ಲಿ ಆ ವೃದ್ಧ ತೀರಿಕೊಂಡ. ಶಿಷ್ಯರನ್ನು ಮಕ್ಕಳೇ ಎಂದು ಕರೆದು ಅಝ್ಝಹ್ರಾವಿಯವರು ಎಚ್ಚರಿಸುತ್ತಾರೆ. ಕ್ಷೇಮಕರವಾದ ಚಿಕಿತ್ಸೆ ಯಾವುದು, ಅಪಾಯಕರವಾದುದು ಯಾವುದು ಎಂಬ ವಿವೇಚನೆ ಮೊದಲು ಬರಬೇಕು, ಅಪಾಯದ ಕಡೆಗೆ ಕೈ ಚಾಚಬಾರದು ಎಂಬುದು ಅವರ ಉಪದೇಶದ ಸಾರ. ಮುರಿದ ಮೂಳೆಗೆ ಮೊದಲ ದಿನವೇ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟುವವರನ್ನು ಅವರು ಖಂಡಿಸುತ್ತಾರೆ, ಬಾವು ಇಳಿಯುವವರೆಗೆ ಕಾಯಬೇಕೆನ್ನುತ್ತಾರೆ. ಇಂದಿನ ವೈದ್ಯರೂ ಬಾವಿರುವ ಅಂಗವನ್ನು ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯಬಹುದೆಂದು ಎಚ್ಚರಿಸುತ್ತಾರೆ.

ಈ ಎಚ್ಚರವು ಒಬ್ಬ ವಿದ್ವಾಂಸನಲ್ಲಿ ಮಾತ್ರ ಇದ್ದದ್ದಲ್ಲ, ಆಡಳಿತವೂ ಅದನ್ನು ಹೊತ್ತಿತ್ತು. ಮಾರುಕಟ್ಟೆಯ ಅಳತೆ ತೂಕಗಳನ್ನು ನೋಡಿಕೊಳ್ಳುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗೆ ವೈದ್ಯರ ಮೇಲ್ವಿಚಾರಣೆಯೂ ಸೇರಿತ್ತು. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಶ್ಶೈಝರೀ ಬರೆದ ಹಿಸ್ಬಾ ಕೈಪಿಡಿ ಇದಕ್ಕೆ ಸಾಕ್ಷಿ. ಕಣ್ಣಿನ ವೈದ್ಯನು ಹುನೈನ್ ಬಿನ್ ಇಸ್‌ಹಾಕರ ನೇತ್ರಗ್ರಂಥದಲ್ಲಿ ಪರೀಕ್ಷೆಗೆ ಒಳಗಾಗಬೇಕಿತ್ತು. ಮೂಳೆ ಕಟ್ಟುವವನು ಪೌಲನ ಕೃತಿಯ ಆರನೆಯ ಭಾಗವನ್ನು ಅರಿತಿರಬೇಕಿತ್ತು. ನರ ಕೊಯ್ದು ರಕ್ತ ಬಿಡುವ ವಿದ್ಯೆಯನ್ನು ಕಲಿಯುವವನು ಮೊದಲು ಸೊಪ್ಪಿನ ಎಲೆಯ ನರಗಳ ಮೇಲೆ ಅಭ್ಯಾಸ ಮಾಡಬೇಕಿತ್ತು. ಹಿಜಾಮ ಮಾಡುವವನ ಕೈಯನ್ನು ಪರೀಕ್ಷಿಸಲು ಇಟ್ಟಿಗೆಗೆ ಕಾಗದ ಅಂಟಿಸಿ ಗೀರು ಹಾಕಿಸುತ್ತಿದ್ದರು. ಗೀರು ಕಾಗದವನ್ನು ದಾಟಿ ಹೋದರೆ ಅವನ ಕೈ ಭಾರವೆಂದು ಅರ್ಥ. ಸುಶ್ರುತ ಸಂಹಿತೆಯೂ ಶಿಷ್ಯನಿಗೆ ಕುಂಬಳ, ಸೋರೆಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಲು ಹೇಳುತ್ತದೆ. ಮನುಷ್ಯನ ದೇಹವು ಕಲಿಕೆಯ ಮೊದಲ ಮೆಟ್ಟಿಲಾಗಬಾರದು ಎಂಬ ಅರಿವು ಎರಡೂ ಪರಂಪರೆಗಳಲ್ಲಿತ್ತು.

‘ಅತ್ತಸ್ರೀಫ್’ನ ಈ ಭಾಗವನ್ನು ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಟೊಲೆಡೊ ನಗರದಲ್ಲಿ ಲ್ಯಾಟಿನ್‌ಗೆ ಅನುವಾದಿಸಿದರು. ಫ್ರಾನ್ಸಿನ ಗೀ ದ ಶೊಲಿಯಾಕ್ 1363ರಲ್ಲಿ ಮುಗಿಸಿದ ಶಸ್ತ್ರಚಿಕಿತ್ಸಾ ಗ್ರಂಥದಲ್ಲಿ ಅಝ್ಝಹ್ರಾವಿಯವರನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. 1465ರಲ್ಲಿ ತುರ್ಕಿಯ ಅಮಾಸ್ಯಾ ನಗರದ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಕೃತಿ ರಚಿಸಿದರು. ವೈದ್ಯನು ಎಲ್ಲಿ ನಿಲ್ಲಬೇಕು, ರೋಗಿಯನ್ನು ಹೇಗೆ ಕೂರಿಸಬೇಕು ಎಂಬುದನ್ನೂ ಅವರು ಬಣ್ಣದ ಚಿತ್ರಗಳಲ್ಲಿ ತೋರಿಸಿದರು. ವಿದ್ಯೆಯನ್ನು ಗುಟ್ಟಾಗಿಡದೆ ಕಲಿಯುವವರಿಗೆ ಸ್ಪಷ್ಟಪಡಿಸುವುದೇ ಈ ಚಿತ್ರಗಳ ಗುರಿಯಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಜೇನು, ಹಿಜಾಮ ಮತ್ತು ಬರೆಯಲ್ಲಿ ಶಮನವಿದೆಯೆಂದೂ ಬರೆಯನ್ನು ತಾವು ಮೆಚ್ಚುವುದಿಲ್ಲವೆಂದೂ ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇದನ್ನು ನಮ್ಮ ಜನರು ಚೆನ್ನಾಗಿ ಬಲ್ಲರು. ಆದರೆ ವೈದ್ಯವಿದ್ಯೆ ತಿಳಿದವನೆಂದು ಗುರುತಿಲ್ಲದವನು ಚಿಕಿತ್ಸೆಗೆ ಇಳಿದರೆ ಹಾನಿಗೆ ಅವನೇ ಹೊಣೆ ಎಂಬ ಆಶಯದ ಹದೀಸ್ ಅಬೂದಾವೂದ್‌ನಲ್ಲಿದೆ. ಅದನ್ನು ನೆನಪಿಸುವವರು ವಿರಳ. ಮೊದಲನೆಯದನ್ನು ಫಲಕದ ಮೇಲೆ ಬರೆಸಿ ಎರಡನೆಯದನ್ನು ಮರೆತರೆ ಸುನ್ನತ್ತಿಗೆ ನ್ಯಾಯ ಸಲ್ಲುವುದೇ? ಒಬ್ಬರಿಗೆ ಬಳಸಿದ ಬ್ಲೇಡು ಅಥವಾ ಸರಿಯಾಗಿ ಶುದ್ಧೀಕರಿಸದ ಬಟ್ಟಲು ಇನ್ನೊಬ್ಬರ ಗಾಯಕ್ಕೆ ತಾಗಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ.ಯಂತಹ ಸೋಂಕುಗಳು ಹರಡಬಲ್ಲವು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ, ರಕ್ತಹೀನತೆಯಿರುವವರಿಗೆ, ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಹಿಜಾಮ, ಅಂಗಮರ್ದನ, ಜಿಗಣೆ ಚಿಕಿತ್ಸೆಗಳನ್ನು ‘ಇಲಾಜ್ ಬಿತ್ತದ್ಬೀರ್’ ಎಂಬ ಹೆಸರಿನಲ್ಲಿ ಸ್ನಾತಕೋತ್ತರ ವಿಷಯವಾಗಿ ಕಲಿಸಲಾಗುತ್ತದೆ. ವರ್ಷಗಟ್ಟಲೆ ಓದಬೇಕಾದ ವಿದ್ಯೆಯನ್ನು ನಾಲ್ಕು ವೀಡಿಯೊ ನೋಡಿ ಕಲಿತೆವೆನ್ನುವವರ ಕೈಗೆ ನಮ್ಮ ತಾಯಂದಿರ ಬೆನ್ನನ್ನು ಒಡ್ಡುವುದು ಹೇಗೆ?

ಆದ್ದರಿಂದ ಮಸೀದಿ ಮತ್ತು ಮದ್ರಸಗಳ ಆಡಳಿತದವರಲ್ಲಿ ನಮ್ಮದೊಂದು ವಿನಂತಿ. ಶಿಬಿರಕ್ಕೆ ಜಾಗ ಕೊಡುವ ಮೊದಲು ನೀವು ಮುಹ್ತಸಿಬ್ ಆಗಿರಿ. ಚಿಕಿತ್ಸಕರ ನೋಂದಣಿ ಪತ್ರವನ್ನು ಕೇಳಿ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಹೊಸ ಬಟ್ಟಲು ಬಳಸುತ್ತಾರೆಯೇ ಎಂದು ನೋಡಿ. ರೋಗಿಯ ಕಾಯಿಲೆ, ಔಷಧಗಳನ್ನು ವಿಚಾರಿಸುತ್ತಾರೆಯೇ ಎಂದು ಗಮನಿಸಿ. ಗಂಭೀರ ಕಾಯಿಲೆಯವರನ್ನು ಆಸ್ಪತ್ರೆಯಿಂದ ತಪ್ಪಿಸಿ ಬಟ್ಟಲಿನ ಮುಂದೆ ಕೂರಿಸುವವರನ್ನು ದೂರವಿಡಿ.

ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಆ ದೇಹವನ್ನು ಮುಟ್ಟುವ ಉಪಕರಣವೂ, ಅದನ್ನು ಹಿಡಿಯುವ ಕೈಯೂ ಆ ಅಮಾನತ್ತಿನ ಲೆಕ್ಕದಿಂದ ಹೊರತಲ್ಲ. ಅಝ್ಝಹ್ರಾವಿಯವರ ಹೆಸರಿನೊಂದಿಗೆ ಅವರ ಎಚ್ಚರವನ್ನೂ ಉಳಿಸಿಕೊಳ್ಳಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.