ಈಡು

ದೇವದುರ್ಗದಿಂದ ರಾಯಚೂರಿಗೆ ಹೋಗುವ ಮಾರ್ಗದಲ್ಲಿ ಜೀಪೊಂದು ಅಂಚಿನ ಬೇವಿನ ಮರಕ್ಕೆ ನೇರವಾಗಿ ಬಡಿದು, ಮೂತಿ ಒಳಸೇರಿ, ನೀರು ಸೋರುತ್ತ ನಿಂತಿತೆಂದರೆ, ಮರುದಿನದ ಪತ್ರಿಕೆ ಅದನ್ನು 'ಅಪಘಾತಕ್ಕೀಡಾದ ವಾಹನ'ವೆಂದು ಗಂಭೀರವಾಗಿ ವರದಿಮಾಡುವುದು. ಹಳೆಯ ಬೇಟೆಗಾರನಾದರೋ, ಯಾರಿಗೂ ಪೆಟ್ಟಾಗಿಲ್ಲವೆಂಬುದನ್ನು ಮೊದಲು ತಿಳಿದುಕೊಂಡು, "ಗುರಿ ಬರಾಬರಿ ಐತಿ, ಈಡು ತಪ್ಪಿಲ್ಲ ನೋಡ್ರಿ" ಎಂದು ಚಾಲಕನ ಬೆನ್ನು ತಟ್ಟಿಯಾನು. ಇಬ್ಬರೂ ಬಳಸಿದ್ದು ಒಂದೇ ಪದವನ್ನು.

ಕೆಡುವಿನಿಂದ ಕೇಡು, ಪಡುವಿನಿಂದ ಪಾಡು, ಬಿಡುವಿನಿಂದ ಬೀಡು ಹುಟ್ಟಿದಂತೆ, ಧಾತುವಿನ ಆದಿಸ್ವರವು ದೀರ್ಘವಾಗಿ 'ಇಡು' ಎಂಬುದರಿಂದ 'ಈಡು' ಆಯಿತು. ಇಡು ಎಂದರೆ ಇಂದು ನಮಗೆ ಇರಿಸುವುದಷ್ಟೇ. ಹಳಗನ್ನಡದಲ್ಲಿ ಅದಕ್ಕೆ ಎಸೆ, ಹೊಡೆ ಎಂಬ ಬಿರುಸಾದ ಅರ್ಥಗಳೂ ಉಂಟು. ಎಸೆತ, ಏಟು, ಗುರಿಗಳನ್ನೆಲ್ಲ ಹೊತ್ತ ಈ ನಾಮಪದವು ಬಂದೂಕು ಬಂದ ಬಳಿಕ ಗುಂಡಿನ ಹೊಡೆತಕ್ಕೂ ಹೆಸರಾಯಿತು; ಹೊಡೆಯುವವನು ಈಡುಗಾರನಾದನು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಗೋಡೆಯ ಮೇಲೆ ತಲೆಯೆತ್ತಿದವರನ್ನು ಕೋವಿಯಿಂದ ಕೆಡಹಿದ ಪೋರ್ಚುಗೀಸರು ಈ ಸೀಮೆ ಕಂಡ ಹೆಸರಾಂತ ಈಡುಗಾರರು.

ಏಟಿನ ದಾರಿಗೆ ಸಿಕ್ಕುವುದೇ ಈಡಾಗುವುದು. 'ಟೀಕೆಗೆ ಗುರಿಯಾದರು' ಎಂಬಲ್ಲಿಯೂ ಇದೇ ರೂಪಕವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಷಿದ್ಧವಾದರೂ ಅದರ ಮಾತು ಮಾತ್ರ, ಅದೃಷ್ಟವಶಾತ್, ಪರವಾನಗಿಯಿಲ್ಲದೆ ಉಳಿಯಿತು. ಇನ್ನು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಗದ್ದೆಯನ್ನು ರೈತನೊಬ್ಬ ಸಾಲಕ್ಕೆ 'ಈಡಾಗಿ' ಬರೆದುಕೊಟ್ಟಾಗ, ಅಲ್ಲಿರುವುದು ಅದೇ ಇಡುವಿನ ಇನ್ನೊಂದು, ಗುಂಡಿಲ್ಲದ ಅರ್ಥ.