ಟೇಲರ್ ಸೀಮೆಯಲ್ಲೊಂದು ಪುಟ್ಟ ಕ್ಯಾಮೆರಾ

ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ನೀವು ನೋಡಿದ್ದೀರಾ? ಹಣೆ, ಮೂಗು, ಎದೆ ಎಂದು ನಾವು ಗುರುತಿಸುವುದು ಬಂಡೆಗಳ ಅಂಚನ್ನು ಮಾತ್ರ. ಯಾವ ಶಿಲ್ಪಿಯ ಉಳಿಯೂ ಅದಕ್ಕೆ ತಾಗಿಲ್ಲ. ಅಗ್ಗದ ಡಿಜಿಟಲ್ ಕ್ಯಾಮೆರಾ ಹಿಡಿದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಾರದು. ಆದರೆ ಚಿತ್ರ ತೆಗೆಯುವ ಈ ಸುಲಭ ಸಾಧನ ನಮ್ಮ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಆ ಕಥೆಯ ಒಂದು ಎಳೆ ಪಕ್ಕದ ಸುರಪುರದಲ್ಲೇ ಇದೆ.

1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಟಾಲ್ಬಟ್ ಕಾಗದದ ನೆಗೆಟಿವ್ ವಿಧಾನಕ್ಕೆ ಪೇಟೆಂಟ್ ಪಡೆದರು. ಟೇಲರರಿಗೆ ಅದರಿಂದೇನೂ ಉಪಯೋಗವಾಗಲಿಲ್ಲ. ರಾಜನಕೋಳೂರಿನ ಬೃಹತ್ ಶಿಲಾಗೋರಿಗಳನ್ನು ಅವರು ಅಳೆದು, ಕೈಯಿಂದಲೇ ಚಿತ್ರ ಬರೆದಿಟ್ಟರು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ವಿಜಾಪುರದ ಕಟ್ಟಡಗಳ ಫೋಟೋ ತೆಗೆದರು. ಅವರ ಮತ್ತು ಇತರರ ಚಿತ್ರಗಳು 1866ರಲ್ಲಿ ಗ್ರಂಥವಾಗಿ ಬಂದಾಗ ಅದಕ್ಕೆ ಇತಿಹಾಸ ಬರೆದವರು ಇದೇ ಟೇಲರ್.

ಆಗ ಕ್ಯಾಮೆರಾ ಸರ್ಕಾರದ ಕೆಲಸದವರ, ಸಿರಿವಂತರ ವಸ್ತು. 1900ರಲ್ಲಿ ಕೊಡಾಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಪೆಟ್ಟಿಗೆಯನ್ನು ಮಾರಿತು; ಮಕ್ಕಳೂ ಅದನ್ನು ಹಿಡಿದರು. ನಮ್ಮಲ್ಲಿ ಅದೇ ಕೆಲಸವನ್ನು ಅಗ್ಫಾ ಕ್ಲಿಕ್ ಥ್ರೀ ಮಾಡಿತು. ಒಂದು ರೋಲಿಗೆ 12 ಚಿತ್ರ. ಕೈ ಅಲುಗಿದ್ದು ರೋಲು ತೊಳೆಸಿ ತಂದ ಮೇಲೇ ತಿಳಿಯುತ್ತಿತ್ತು, ಅಷ್ಟರಲ್ಲಿ ಮದುವೆ ಮುಗಿದು ಚಪ್ಪರವನ್ನೂ ಬಿಚ್ಚಿರುತ್ತಿದ್ದರು!

1975ರಲ್ಲಿ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ ತೂಕ ಸುಮಾರು 3.6 ಕಿಲೋ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಚಿತ್ರದಲ್ಲಿ ಇದ್ದದ್ದು 10,000 ಬಿಂದುಗಳು. ಅದರ ಸಂತತಿಯೇ ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್. ಈಗ ಅದರ ಜಾಗವನ್ನು ಬಹುಮಟ್ಟಿಗೆ ಮೊಬೈಲ್ ಆಕ್ರಮಿಸಿದೆ. ಆದರೂ ಮನೆಯ ಕಪಾಟಿನಲ್ಲಿ ಒಂದಿದ್ದರೆ ಹೊರಗೆ ತೆಗೆಯಿರಿ.

ನನ್ನ ಬಳಿ ಇಂಥದೊಂದಿದೆ. ಒಳ್ಳೆಯ ಬೆಳಕಿದ್ದರೆ ದುಬಾರಿ ಕ್ಯಾಮೆರಾದ ನೆನಪೂ ಬಾರದು. ಸಂಜೆ ಕವಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುತ್ತದೆ. ಒಳಗಿನ ಸಂವೇದಕ ಉಗುರಿನಷ್ಟು ಚಿಕ್ಕದಾದ್ದರಿಂದ ಅದರ ಮೇಲೆ ಬೀಳುವ ಬೆಳಕೂ ಕಡಿಮೆ. ಲೆನ್ಸ್ ಚಾಚಿಕೊಳ್ಳುವ ಜೂಮ್ ನಿಜವಾದದ್ದು. ಡಿಜಿಟಲ್ ಜೂಮ್ ಇದ್ದುದನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಅದನ್ನು ಮುಚ್ಚಿಬಿಡಿ. ನಮ್ಮ ಕಡೆಯ ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದೇ ಕಷ್ಟ. ಅಂಗೈಯ ನೆರಳು ಹಿಡಿಯಬೇಕು.

ಇನ್ನು ಬುದ್ಧನ ಗೆರೆ. ಬೆಟ್ಟದ ಹಿಂದಿನ ಆಕಾಶದತ್ತ ಕ್ಯಾಮೆರಾ ತಿರುಗಿಸಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ಸಾಮಾನ್ಯವಾಗಿ ಬೆಳಕಿನ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹಾಗೆಯೇ ಬೆಟ್ಟವನ್ನು ಚೌಕಟ್ಟಿಗೆ ತಂದು ಪೂರ್ತಿ ಒತ್ತಿದರೆ ಬಂಡೆ ಕಪ್ಪಾಗಿ ಮುಖದ ಅಂಚು ಎದ್ದು ಬರುತ್ತದೆ. ಬರದಿದ್ದರೆ ಅಳಿಸಿ ಮತ್ತೆ ತೆಗೆಯಿರಿ, ಕಾಸು ಖರ್ಚಿಲ್ಲ.

ಅಲ್ಲಿಂದ ನಿಮ್ಮೂರಿನ ಅಗಸಿಗೆ, ಹಳೇ ಬಾವಿಗೆ, ವೀರಗಲ್ಲಿಗೆ ಬನ್ನಿ. ಟೇಲರ್ ಅಳತೆ ಬರೆದಿಟ್ಟಂತೆ ನೀವೂ ಕಲ್ಲಿನ ಪಕ್ಕ ಒಂದು ಅಡಿಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಊರು, ಜಾಗ, ನಿಂತ ದಿಕ್ಕನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ನೋಡಿಕೊಳ್ಳಿ. ಬ್ಯಾಟರಿ ಬಹುದಿನ ಖಾಲಿಯಿದ್ದರೆ ತಾರೀಖು ತಪ್ಪಿರುತ್ತದೆ, ಪ್ರತಿ ಚಿತ್ರದೊಳಗೂ ಆ ತಪ್ಪು ತಾರೀಖೇ ಕೂತುಬಿಡುತ್ತದೆ.