ಮನೆ ತಗೊಳ್ಳೋಕೆ ಬ್ರೋಕರ್ ಹಿಡಿದಿದ್ದೀರಾ? ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡಿ

ತಾಲ್ಲೂಕಿನಲ್ಲಿ ಮನೆ, ಸೈಟು ವ್ಯಾಪಾರಕ್ಕೆ ಬ್ರೋಕರ್ ಬೇಕೇ ಬೇಕು ಅನ್ನೋ ಹಾಗಾಗಿದೆ. ಮನೆ ತೋರಿಸೋದು, ರೇಟು ಮಾತಾಡಿಸೋದು ಅವರ ಕೆಲಸ. ದಾಖಲೆ ಸರಿ ಇದೆಯಾ ಅಂತ ನೋಡೋದು ಮಾತ್ರ ನಮ್ಮ ಜವಾಬ್ದಾರಿ.

ಕಮಿಷನ್: ಸಾಮಾನ್ಯವಾಗಿ ಶೇ 1ರಿಂದ 2. ಮನೆ ನೋಡುವ ಮೊದಲೇ ಮಾತಾಡಿಕೊಳ್ಳಿ. ಮಾರುವವರಿಂದಲೂ ತಗೊಳ್ತೀರಾ ಅಂತ ಕೇಳಿ. ಹಣವನ್ನು ರಿಜಿಸ್ಟ್ರೇಷನ್ ದಿನ ಕೊಡಿ.

ದಾಖಲೆ: ಕಾವೇರಿ 2.0 ಪೋರ್ಟಲ್‌ನಲ್ಲಿ ಇಸಿ ನೀವೇ ತೆಗೆಸಿ. ನೋಂದಣಿಯಾದ ಅಡಮಾನ, ಹಳೇ ಮಾರಾಟ ಅದರಲ್ಲಿ ಗೊತ್ತಾಗುತ್ತೆ. ಪಟ್ಟಣದಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು ದಾಖಲೆ ಕೇಳಿ. "ಖಾತೆ ಆಮೇಲೆ ಮಾಡಿಸಿಕೊಡ್ತೀನಿ ಸರ್" ಅಂದರೆ ಅಲ್ಲಿಗೇ ನಿಲ್ಲಿಸಿ.

ರೇರಾ: ರೇರಾದಲ್ಲಿ ನೋಂದಣಿಯಾಗಬೇಕಾದ ಲೇಔಟ್, ಅಪಾರ್ಟ್‌ಮೆಂಟ್ ಮಾರುವ ಏಜೆಂಟ್ ಕೂಡ ರೇರಾ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಹೋಲಿಸಿ ನೋಡಿ.

ಅಡ್ವಾನ್ಸ್: ಬ್ರೋಕರ್ ಕೈಗೆ ಕೊಡಲೇಬೇಡಿ. ನಮ್ಮ ಮನೆಯಲ್ಲೇ ಒಮ್ಮೆ ಹಾಗೆ ಕೊಟ್ಟು, "ನನಗೆ ಬಂದೇ ಇಲ್ಲ" ಅಂತ ಓನರ್ ಅಂದಾಗ ತೋರಿಸೋಕೆ ಒಂದು ಚೀಟಿಯೂ ಇರಲಿಲ್ಲ. ಓನರ್ ಬ್ಯಾಂಕ್ ಖಾತೆಗೇ ಹಾಕಿ, ಕ್ರಯದ ಕರಾರಿನಲ್ಲಿ ಮೊತ್ತ ಬರೆಸಿ. ಮನೆ ಮಾರಾಟಕ್ಕೆ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ಅಡ್ವಾನ್ಸನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

"ಇವತ್ತೇ ಕೊಡಿ, ಇನ್ನೊಬ್ರು ಕಾಯ್ತಿದ್ದಾರೆ" ಅಂತ ಅವಸರ ಮಾಡಿದರೆ, "ಇಸಿ ಕೈಗೆ ಬರಲಿ, ಆಮೇಲೆ ಬರ್ತೀನಿ" ಅನ್ನಿ.